ಗೋಡೆಗೆ ಬಗ್ಗಿದವನು

ಸೀರೆ ಉಡಬೇಡ ಎಂದು ಹೇಳಬೇಕೆಂದುಕೊಂಡವನು ಹೇಳಲಿಲ್ಲ. ಹೇಳಿದ್ದರೆ ಯಾಕೆ ಎಂದು ಕೇಳುತ್ತಿದ್ದಳು. ಮದುವೆಯ ಮಾರನೆಯ ವರ್ಷ ಮೈಸೂರಿನಲ್ಲಿ ಕೊಂಡ ಜೇನುಬಣ್ಣದ ಸಿಲ್ಕ್ ಸೀರೆ. ಜಪಾನಿಗೆ ಬಂದ ಮೇಲೆ ಒಮ್ಮೆಯೂ ಪೆಟ್ಟಿಗೆಯಿಂದ ಈಚೆ ಬಂದಿರಲಿಲ್ಲ. ಅದನ್ನುಟ್ಟು, ಮೇಲೊಂದು ಸ್ವೆಟರ್ ಏರಿಸಿ, ಕಾಲಿಗೆ ಕಾಲುಚೀಲ ಹಾಕಿ, ಬಚ್ಚಲಮನೆಯ ಕನ್ನಡಿಯಲ್ಲಿ ಕಂಡಷ್ಟನ್ನು ಕಂಡು ಅಹಲ್ಯಾ "ಜಾಸ್ತಿಯಾಯ್ತೇನ್ರೀ?" ಅಂದಾಗ ಮುಕುಂದ "ಇಲ್ಲ, ಚೆನ್ನಾಗಿದೆ" ಅಂದ. ಚೆನ್ನಾಗಿದೆ ಎನ್ನುವ ಮಾತು ಈಚೆಗೆ ಅವನ ಬಾಯಿಂದ ಬಹಳ ಸಲೀಸಾಗಿ ಬರುತ್ತಿತ್ತು. ಅವಳು ತೆಗೆದ ಸಿನಿಮಾವನ್ನು ಇವತ್ತು ತೋರಿಸುವುದಿಲ್ಲ ಎಂಬುದು ಈ ಮನೆಯಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ತೋರಿಸಬೇಡಿ ಎಂದು ಹೇಳಿದವನೂ ಅವನೇ. ಇದನ್ನು ಹೇಳುವುದಕ್ಕೆ ಹತ್ತು ದಿನ ಸಮಯವಿತ್ತು. ಮೊದಲ ದಿನ ನಾಳೆ ಹೇಳೋಣವೆಂದುಕೊಂಡ, ಆಮೇಲೆ ಅವಳೇ ಮರೆತಾಳೆಂದುಕೊಂಡ, ಅಷ್ಟರಲ್ಲಿ ಅವಳು ಹಮಾಮತ್ಸುವಿನಲ್ಲಿದ್ದ ಗೆಳತಿ ಶಾಲಿನಿಗೆ ಫೋನು ಮಾಡಿ ಬಾ ಎಂದು ಕರೆದೂ ಆಗಿತ್ತು.

ಕಾವಾಸಾಕಿಯಲ್ಲಿ ಅವರ ಸ್ಟೇಷನ್ನಿನಿಂದ ಅಪಾರ್ಟ್‌ಮೆಂಟಿಗೆ ಬರುವ ದಾರಿಯಲ್ಲಿ ಅಂಗಡಿಗಳ ಒಂದು ಓಣಿ, ಓಣಿಯ ತುದಿಗೆ ಮುಚ್ಚಿಹೋದ ಒಂದು ಸಾರ್ವಜನಿಕ ಸ್ನಾನದ ಮನೆ. ಮನೆಮನೆಗೂ ಬಚ್ಚಲು ಬಂದ ಮೇಲೆ ಅಲ್ಲಿಗೆ ಮೀಯಲು ಹೋಗುವವರಿಲ್ಲದೆ, ಅದರ ಒಡತಿ ತಬಾತಾ ಸಾನ್, ಗಂಡ ಸತ್ತ ವರ್ಷ ಒಲೆ ಆರಿಸಿಬಿಟ್ಟಿದ್ದರು. ಈಗ ವರ್ಷಕ್ಕೊಮ್ಮೆ, ನವೆಂಬರಿನ ಒಂದು ಭಾನುವಾರ, ಓಣಿಯವರು ಅಲ್ಲಿ ಮಡಚುವ ಕುರ್ಚಿ ಹಾಕಿ ಚಿತ್ರೋತ್ಸವ ಮಾಡುತ್ತಾರೆ. ಉತ್ಸವ ಎಂದರೆ ದೊಡ್ಡ ಮಾತಾಯಿತು. ತೋಫು ಮಾರುವವನು, ಸೈಕಲ್ ರಿಪೇರಿಯವನು, ಹೈಸ್ಕೂಲು ಮೇಷ್ಟ್ರು, ಯಾರು ಬೇಕಾದರೂ ಯಾವ ಕ್ಯಾಮೆರಾದಲ್ಲಿ ಬೇಕಾದರೂ ತೆಗೆದದ್ದನ್ನು ತಂದು ಕೊಡಬಹುದು. ಓಣಿಯಿಂದ ನಡೆದು ಹೋಗುವಷ್ಟು ದೂರದಲ್ಲೇ ತೆಗೆದಿರಬೇಕು ಎಂಬುದೊಂದೇ ನಿಯಮ. ಈ ನಿಯಮವನ್ನು ಅಹಲ್ಯಾಳಿಗೆ ಕನ್ನಡದಲ್ಲಿ ಹೇಳಿದವನು ಮುಕುಂದನೇ. ಬೇಸಿಗೆಯಲ್ಲಿ ಗೋಡೆಯ ಮೇಲಿನ ಚೀಟಿಯಲ್ಲಿ ಕ್ಯಾಮೆರಾದ ಚಿತ್ರ ನೋಡಿ ಅವಳು ನಿಂತಳು, ತಬಾತಾ ಸಾನ್ ಹೊರಗೆ ಬಂದು ಕೈಸನ್ನೆಯಲ್ಲೇ ಅವಳ ಕೈಯಲ್ಲೊಂದು ಕ್ಯಾಮೆರಾ ಇಟ್ಟಂತೆ ಮಾಡಿದರು, ಅವಳು ಗಂಡನ ಕಡೆ ತಿರುಗಿದಳು. "ನಾನೂ ಕೊಡ್ಬೋದಾ ಕೇಳಿ." ಅವನು ಕೇಳಿದ. ಆಗ ಅವನಿಗೆ ಅದು ತಮಾಷೆಯಾಗಿತ್ತು. ಊರಿಗೆ ವಿಡಿಯೋ ತೆಗೆದು ಕಳಿಸೋಣವೆಂದು ಟೋಕಿಯೋದ ಅಕಿಹಬಾರಾ ಪೇಟೆಯಲ್ಲಿ ಕೊಂಡ ಕ್ಯಾಮೆರಾ ಒಂದು ಕೆಲಸಕ್ಕಾದರೂ ಬಂತಲ್ಲ, ಇವಳಿಗೂ ಹೊತ್ತು ಹೋದೀತು ಎಂದುಕೊಂಡ. ಹೊತ್ತು ಹೋಗುವುದು ಎಂಬ ಮಾತನ್ನು ಅವಳೆದುರೇ ಅಂದಿದ್ದ ಕೂಡ.

ಸ್ಟೇಷನ್ನಿನಲ್ಲಿ ಶಾಲಿನಿ ಮೊಸರನ್ನದ ಡಬ್ಬಿ ಹಿಡಿದು ನಿಂತಿದ್ದಳು. "ಡೈರೆಕ್ಟರ್ ಮೇಡಮ್ಮು! ಬೆಳಿಗ್ಗೆ ಎದ್ದು ಬಂದಿದೀನಿ ಕಣೆ, ನಮ್ಮನೆಯವ್ರು ಸಂಡೇನೂ ಫ್ಯಾಕ್ಟರಿ ಅಂತ ಹೋದ್ರು. ಮುಕುಂದ್, ನೀವು ಹೀರೋ ಅಂತೆ? ಅಹಲ್ಯಾ ಏನೂ ಹೇಳ್ತಾನೇ ಇಲ್ಲ, ಸಸ್ಪೆನ್ಸ್ ಅಂತಾಳೆ."

"ಹೀರೋ ಏನಿಲ್ಲ. ಮನೇದು, ಸುಮ್ನೆ" ಎಂದು ಮುಕುಂದ ನಕ್ಕ. ನಕ್ಕಾಗ ಕೆನ್ನೆಯ ಚರ್ಮ ಎಳೆದದ್ದು ಅವನಿಗೇ ತಿಳಿಯಿತು. ಈಗ, ಇಲ್ಲೇ, ಟಿಕೆಟ್ ಗೇಟಿನ ಮುಂದೆ ಹೇಳಿಬಿಟ್ಟರೆ? ಹೇಳಿದರೆ ಶಾಲಿನಿಯ ಮುಂದೆ ಹೇಳಿದಂತಾಗುತ್ತದೆ. ಹೇಳದಿರಲು ಒಂದು ಕಾರಣ ಯಾವಾಗಲೂ ಹತ್ತಿರದಲ್ಲೇ ಸಿಗುತ್ತಿತ್ತು.

ಸ್ನಾನದ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದರೆ, ಒಂದು ಕಾಲಕ್ಕೆ ಗಂಡಸರ ಕಡೆ ಹೆಂಗಸರ ಕಡೆ ಎಂದು ನಡುವೆ ಇದ್ದ ಗೋಡೆಯನ್ನು ಅರ್ಧ ಒಡೆದು ಒಂದೇ ಹಾಲ್ ಮಾಡಿದ್ದರು. ಬಿಳಿ ಟೈಲ್ಸಿನ ನೆಲ, ಗೋಡೆಯುದ್ದಕ್ಕೂ ಮೊಣಕಾಲೆತ್ತರದಲ್ಲಿ ನಲ್ಲಿಗಳು ಹಾಗೇ ಇವೆ. ಬಾಗಿಲ ಬಳಿ, ಹಿಂದೆ ಒಡತಿ ಕೂತು ಎರಡೂ ಕಡೆ ಕಣ್ಣಿಡುತ್ತಿದ್ದ ಎತ್ತರದ ಮರದ ಪೀಠ. ಅದರ ಮೇಲೆ ಈಗ ಪ್ರೊಜೆಕ್ಟರು, ಪ್ರೊಜೆಕ್ಟರಿನ ಪಕ್ಕದಲ್ಲಿ ತಬಾತಾ ಸಾನ್. ಅಹಲ್ಯಾಳ ಸೀರೆ ನೋಡಿ ಅವರು ಕೂತಲ್ಲಿಂದಲೇ ಎರಡೂ ಕೈ ಎದೆಗಿಟ್ಟುಕೊಂಡು ಏನೋ ಉದ್ಗಾರ ತೆಗೆದರು. ಆಮೇಲೆ ಮುಕುಂದನ ಕಡೆ ನೋಡಿದರು. ಆ ನೋಟದಲ್ಲಿ ಪ್ರಶ್ನೆಯಿತ್ತೋ ಇಲ್ಲವೋ, ಅವನಂತೂ ಇತ್ತೆಂದೇ ತಿಳಿದು ತಲೆ ತಗ್ಗಿಸಿದ. ಮೂರನೆಯ ಸಾಲಿನಲ್ಲಿ ಜಾಗ ಸಿಕ್ಕಿತು. ಕೂತ ಮೇಲೆ ನೋಡುತ್ತಾನೆ, ಮುಂದಿನ ಸಾಲಿನ ಅಂಚಿಗೆ ಆಫೀಸಿನ ಹೊಸಾಕಾ ಸಾನ್, ಪಕ್ಕದಲ್ಲಿ ಅವರ ಹೆಂಡತಿ. ಭಾನುವಾರದ ಹೊಸಾಕಾ ಸಾನ್ ಸ್ವೆಟರ್ ತೊಟ್ಟಿದ್ದರು. ತಿರುಗಿ ನೋಡಿ, ಗುರುತು ಹಿಡಿದು, ಕುರ್ಚಿಯಿಂದ ಅರ್ಧ ಎದ್ದು ಬಗ್ಗಿದರು. ಮುಕುಂದ ಪೂರ್ತಿ ಎದ್ದು ಬಗ್ಗಿದ.

ಅವನು ಮೊದಲು ಇಲ್ಲಿಗೆ ಬಂದದ್ದು ಎರಡು ಸಾವಿರ ಇಸವಿ ಬಂದಾಗ ಕಂಪ್ಯೂಟರುಗಳು ದಿಕ್ಕು ತಪ್ಪದಂತೆ ನೋಡಿಕೊಳ್ಳುವುದಕ್ಕೆ. ಇಸವಿ ಬಂತು, ಏನೂ ಆಗಲಿಲ್ಲ. ಏನೂ ಆಗಲಿಲ್ಲವೆಂಬುದಕ್ಕೇ ಮೆಚ್ಚಿ ಬೆಂಗಳೂರಿನ ಕಂಪನಿ ಅವನನ್ನು ಇಲ್ಲೇ ಉಳಿಸಿತು, ಅಹಲ್ಯಾಳೂ ಬಂದಳು. ಅವಳು ಬಂದ ಹೊಸದರಲ್ಲಿ ಒಂದು ಸಂಜೆ ಅವನು ಆಫೀಸಿನ ಕಥೆ ಹೇಳುತ್ತ, ತಾನು ಹೋಗಿ ಕೂರುವ ಕ್ಲೈಂಟಿನ ಆಫೀಸಿನ ಮ್ಯಾನೇಜರ್ ಹೊಸಾಕಾ ಸಾನ್ ಫೋನಿನಲ್ಲಿ ಮಾತಾಡುವುದನ್ನು ಮಾಡಿ ತೋರಿಸಿದ್ದ. "ಆ ಕಡೆಯೋರಿಗೆ ಕಾಣ್ಸೋದೇ ಇಲ್ಲ ಕಣೆ, ಆದ್ರೂ ಬಗ್ತಾರೆ. ಫೋನಿಗೆ ಬಗ್ತಾರೆ. ನೋಡು, ಹಿಂಗೆ." ಬಾಚಣಿಗೆಯನ್ನು ಕಿವಿಗಿಟ್ಟುಕೊಂಡು ಸೊಂಟ ಮುರಿದು ಬಗ್ಗಿ, ಎದ್ದು, ಮತ್ತೆ ಬಗ್ಗಿ. ಅಹಲ್ಯಾ ನಕ್ಕೂ ನಕ್ಕೂ ಕಣ್ಣಲ್ಲಿ ನೀರು ತಂದುಕೊಂಡಿದ್ದಳು. ಆಮೇಲೆ ಎಷ್ಟೋ ದಿನ ಅಡುಗೆಮನೆಯಿಂದಲೇ "ಹೊಸಾಕಾ ಸಾನ್ ಮಾಡಿ ರೀ" ಎಂದು ಕೇಳುವಳು, ಅವನು ಮಾಡುವನು.

ಪರದೆಯ ಮೇಲೆ ಒಬ್ಬ ಮುದುಕ ಸೈಕಲ್ ಟೈರಿಗೆ ಗಾಳಿ ಹೊಡೆಯುತ್ತಿದ್ದ. ಬಹಳ ಹೊತ್ತು ಗಾಳಿ ಹೊಡೆದ. ಯಾರೂ ನಗಲಿಲ್ಲ, ಕೆಮ್ಮಲಿಲ್ಲ. ಮುಗಿದ ಮೇಲೆ ಎಲ್ಲರೂ ಒಂದೇ ಹದದಲ್ಲಿ ಚಪ್ಪಾಳೆ ತಟ್ಟಿದರು, ಟೈಲ್ಸಿನ ಗೋಡೆಗಳು ಅದನ್ನು ಎರಡರಷ್ಟು ಮಾಡಿದವು. "ಇವ್ರಿಗೆ ಇಷ್ಟ ಆಯ್ತೋ ಇಲ್ವೋ ಗೊತ್ತೇ ಆಗಲ್ಲಪ್ಪ" ಎಂದು ಶಾಲಿನಿ ಪಿಸುಗುಟ್ಟಿದಳು. ಅಹಲ್ಯಾ ಮಾತ್ರ ಮುಂದಕ್ಕೆ ಬಾಗಿ ಕೂತು ನೋಡುತ್ತಿದ್ದಳು, ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ. ಅವಳನ್ನು ಇಷ್ಟು ಎಚ್ಚರದಲ್ಲಿ ಅವನು ನೋಡಿ ಬಹಳ ದಿನವಾಗಿತ್ತು. ಅವಳು ಟೇಪು ಮುಗಿಸಿ ಅವನ ಕೈಗೆ ಕೊಟ್ಟಾಗಲೂ ಹೀಗೇ ಇದ್ದಳು. "ನೀವೇ ಫಸ್ಟು ನೋಡೋದು. ನಾನಿಲ್ಲಿರಲ್ಲ, ಕೊಂಬಿನಿ ಅಂಗಡಿಗೆ ಹೋಗಿ ಹಾಲು ತರ್ತೀನಿ." ಅವಳು ಬಾಗಿಲು ಹಾಕಿಕೊಂಡು ಹೋದ ಮೇಲೆ ಅವನು ಕಾಲು ಚಾಚಿ ಕೂತು, ಹೆಂಡತಿಯ ಆಟ ನೋಡುವವನ ಹಾಗೆ ನೋಡತೊಡಗಿದ. ಅಡುಗೆಮನೆಯ ಕಿಟಕಿ, ಎದುರುಮನೆಯ ಬಾಲ್ಕನಿಯಲ್ಲಿ ಒಣಗಹಾಕಿದ ಹಾಸಿಗೆ, ಒಲೆಯ ಮೇಲಿನ ಕುಕ್ಕರು. ಪರವಾಗಿಲ್ಲವಲ್ಲ ಎಂದುಕೊಳ್ಳುವಷ್ಟರಲ್ಲಿ ಕ್ಯಾಮೆರಾ ತಿರುಗಿತು, ಬಾಗಿಲ ಸಂದಿಯಿಂದ ಹಾಲ್ ಕಂಡಿತು, ಹಾಲಿನಲ್ಲಿ ಒಬ್ಬ ಮನುಷ್ಯ ಬನಿಯನ್ನು ಮತ್ತು ಮಂಡಿಯ ಮೇಲಕ್ಕೆ ಎತ್ತಿ ಕಟ್ಟಿದ ಪಂಚೆಯಲ್ಲಿ ನಿಂತು, ಕಿವಿಗೆ ಫೋನಿಟ್ಟುಕೊಂಡು, ಗೋಡೆಗೆ ಬಗ್ಗುತ್ತಿದ್ದ.

ಆ ಭಾನುವಾರ ಅವನಿಗೆ ನೆನಪಿತ್ತು. ಕ್ಲೈಂಟಿನ ಗೋದಾಮಿನ ಲೆಕ್ಕವೆಲ್ಲ ಇವನ ತಂಡದ ಪ್ರೋಗ್ರಾಮಿನಿಂದ ತಲೆಕೆಳಗಾಗಿ, ಹೊಸಾಕಾ ಸಾನ್ ಮನೆಗೇ ಫೋನು ಮಾಡಿದ್ದರು. ಅವರು ಬೈಯಲಿಲ್ಲ. ತೊಂದರೆಯಾಗಿದೆ ಎಂದು ಮಾತ್ರ ಹೇಳಿದರು, ಮೆತ್ತಗೆ, ಮತ್ತೆ ಮತ್ತೆ. ತಾನು ಬಗ್ಗಿದ್ದು ಅವನಿಗೆ ನೆನಪಿರಲಿಲ್ಲ. ಸೊಂಟಕ್ಕೆ ಯಾರು ಕಲಿಸಿದರು, ಯಾವಾಗ ಕಲಿಯಿತು? ಗೋಡೆಯ ಮೇಲೆ ಊರಿನಿಂದ ತಂದ ಚಾಮುಂಡೇಶ್ವರಿಯ ಕ್ಯಾಲೆಂಡರ್ ಇತ್ತು. ಗೊತ್ತಿಲ್ಲದವರು ದೇವರಿಗೆ ಎಂದುಕೊಳ್ಳಬೇಕು. ದೇವರಿಗೆ ಅವನು ಯಾವತ್ತೂ ಅಷ್ಟು ಬಗ್ಗಿದವನಲ್ಲ. ಬಗ್ಗಿದಾಗ ಬನಿಯನ್ನು ಮೇಲೆ ಸರಿದು ಬೆನ್ನು ಕಾಣುತ್ತಿತ್ತು, ಎದ್ದಾಗ ಮುಖದಲ್ಲಿ ಒಂದು ಬಡಪಾಯಿ ನಗು. ಕ್ಯಾಮೆರಾ ಸ್ವಲ್ಪವೂ ಅಲುಗುತ್ತಿರಲಿಲ್ಲ. ಇಷ್ಟು ಕಾಲ "ಹೊಸಾಕಾ ಸಾನ್ ಮಾಡಿ" ಎನ್ನುತ್ತಿದ್ದವಳು ಅದನ್ನು ಕೇಳುವುದು ಬಿಟ್ಟಿದ್ದು ಯಾವಾಗಿನಿಂದ ಎಂದು ಅವನಿಗೆ ಆಗ ಹೊಳೆಯಿತು, ಹೊಳೆದದ್ದೇ ಟೇಪು ನಿಲ್ಲಿಸಿದ. ಹಾಲು ತೆಗೆದುಕೊಂಡು ಬಂದ ಅಹಲ್ಯಾ ಚಪ್ಪಲಿ ಬಿಡುವ ಮೊದಲೇ ಕೇಳಿದಳು. "ಪೂರ್ತಿ ನೋಡಿದ್ರಾ?"

"ನೋಡ್ದೆ."

"ಹೆಂಗಿದೆ?"

"ಚೆನ್ನಾಗಿದೆ."

ಇಷ್ಟೇ ಕೇಳಿ ಅವಳು ಎಷ್ಟು ಹಿಗ್ಗಿದ್ದಳೆಂದರೆ ಹಾಲನ್ನು ಫ್ರಿಜ್ಜಿನಲ್ಲಿಡದೆ ಹಾಗೇ ಕೈಯಲ್ಲಿ ಹಿಡಿದು ನಿಂತಿದ್ದಳು. ಅವಳೇಕೆ ಅಷ್ಟು ಹಿಗ್ಗಿದಳು, ಇದರಲ್ಲಿ ಹಿಗ್ಗುವುದಕ್ಕೇನಿದೆ ಎಂದು ಅವನು ಒಳಗೊಳಗೇ ಉರಿದುಕೊಂಡ. ಮರುದಿನ ಅವಳು ತಾನೇ ಹೋಗಿ ಟೇಪನ್ನು ತಬಾತಾ ಸಾನ್‌ಗೆ ಕೊಟ್ಟು ಬಂದಳು. ಕೆಲವು ದಿನಗಳ ಮೇಲೆ ಅವರು ಆಫೀಸಿಗೇ ಫೋನು ಮಾಡಿದರು. ಅಹಲ್ಯಾ ಸಾನ್ ಚಿತ್ರವನ್ನು ಕೊನೆಯದಾಗಿ ಇಟ್ಟುಕೊಳ್ಳಬೇಕೆಂದಿದ್ದೇವೆ, ಆಗಬಹುದೇ ಎಂದರು. ಎದುರಿನ ಮೇಜಿನಲ್ಲಿ ಹೊಸಾಕಾ ಸಾನ್ ಪೆನ್ಸಿಲ್ ಕೆತ್ತುತ್ತಿದ್ದರು. ಉತ್ಸವದ ಚೀಟಿ ಅವರ ಮೇಜಿನ ಮೇಲೂ ಇತ್ತು, ಅವರ ಮನೆ ಸ್ಟೇಷನ್ನಿನ ಆಚೆ ಬದಿಗೇ. ಮುಕುಂದ ಧ್ವನಿ ತಗ್ಗಿಸಿ, ಹೆಂಡತಿ ತುಂಬ ನಾಚಿಕೆಯವಳು, ತೋರಿಸುವುದು ಬೇಡವೆನ್ನುತ್ತಿದ್ದಾಳೆ, ಕ್ಷಮಿಸಬೇಕು ಎಂದ. ಬೇಡವೆಂದವನು ತಾನು, ನಾಚಿಕೆಯನ್ನು ಹೆಂಡತಿಯ ತಲೆಗೆ ಕಟ್ಟಿದ. ಆ ಕಡೆಯಿಂದ "ಹಾಗೋ" ಎಂಬ ಮಾತು, ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ನಿಜ ಹೇಳಬೇಕೆಂದರೆ ಆ ಏನೂ ಇಲ್ಲದ ಹೊತ್ತಿನಲ್ಲಿ ಅವನು ಕಾಯುತ್ತಿದ್ದ. ಅವನ ಊರಿನಲ್ಲಿ ಬೇಡ ಎಂದರೆ ಮಾತು ಶುರುವಾಯಿತು ಎಂದರ್ಥ. ಎಲೆಯ ಮೇಲೆ ಕೈ ಅಡ್ಡ ಹಿಡಿದವನ ಕೈ ಸರಿಸಿ ಬಡಿಸುವುದೇ ಅಲ್ಲಿ ಮರ್ಯಾದೆ. ಒಂದು ಸಲ ಬೇಡವೆಂದದ್ದಕ್ಕೆ ಸುಮ್ಮನಾದವರನ್ನು ಮನೆಗೆ ಹೋಗಿ ಆಡಿಕೊಳ್ಳುತ್ತಾರೆ. ತಬಾತಾ ಸಾನ್ ಇನ್ನೊಂದು ಸಲ ಕೇಳಿದ್ದರೆ ಬಹುಶಃ ಒಪ್ಪುತ್ತಿದ್ದೆ ಎಂದು ಅವನು ಆಮೇಲೆ ಎಷ್ಟೋ ಸಲ ಅಂದುಕೊಂಡ. ಅವರು ಕೇಳಲಿಲ್ಲ. ಅರ್ಥವಾಯಿತು ಎಂದು ಫೋನಿಟ್ಟರು. ಅವನಿಗೆ ಸಮಾಧಾನವೂ ಆಯಿತು, ಅಷ್ಟು ಬೇಗ ಬಿಟ್ಟುಕೊಟ್ಟರಲ್ಲ ಎಂದು ಅವರ ಮೇಲೆ ಸಿಟ್ಟೂ ಬಂತು.

"ನಮ್ದು ಯಾವಾಗ್ರೀ?" ಶಾಲಿನಿ ಅಹಲ್ಯಾಳನ್ನು ದಾಟಿ ಬಗ್ಗಿ ಕೇಳಿದಳು. ಅವಳ ಕೈಯಲ್ಲಿದ್ದ ಕಾರ್ಯಕ್ರಮದ ಹಾಳೆಯಲ್ಲಿ ಒಂದಕ್ಷರವೂ ಆ ಇಬ್ಬರಿಗೂ ತಿಳಿಯುವಂತಿರಲಿಲ್ಲ.

"ಕೊನೇಲಿ ಇರ್ಬೇಕು" ಎಂದ ಮುಕುಂದ. ಇರಬೇಕು ಎಂದದ್ದರಿಂದ ಇದು ಸುಳ್ಳಲ್ಲ ಎಂದುಕೊಂಡ. ಚಿತ್ರಗಳು ಒಂದರ ಹಿಂದೊಂದು ಬರುತ್ತಿದ್ದವು. ಮೀನಂಗಡಿಯ ಬೆಕ್ಕು, ಯಾರದೋ ಅಜ್ಜಿ ಮೆಟ್ಟಿಲು ಹತ್ತುವುದು, ಮುಚ್ಚಿದ ಫ್ಯಾಕ್ಟರಿಯೊಂದರ ಸೈರನ್. ಅವನು ಮನಸ್ಸಿನಲ್ಲಿ ವಾಕ್ಯ ಕೂಡಿಸುತ್ತಿದ್ದ. ಟೈಮ್ ಆಗ್ಲಿಲ್ವಂತೆ ಅಹಲ್ಯಾ. ಮೆಷಿನ್‌ಗೆ ಟೇಪ್ ಸರಿಹೋಗ್ಲಿಲ್ವಂತೆ. ಮುಂದಿನ ವರ್ಷ ಖಂಡಿತಾ ಅಂತೆ. ಮೆಷಿನ್ನಿನದು ವಾಸಿ, ಮೆಷಿನ್ನಿನ ಮೇಲೆ ಹಾಕಿದರೆ ಯಾರೂ ಕೆಟ್ಟವರಾಗುವುದಿಲ್ಲ. ಕಿಟಕಿಯ ಹೊರಗೆ ಬಿಸಿಲು ಇಳಿಯುತ್ತಿತ್ತು. ಅಹಲ್ಯಾ ಒಮ್ಮೆ ಅವನ ಕೈಯನ್ನು ಹಿಡಿದು, ಸುತ್ತಲೂ ಜನರಿದ್ದಾರೆಂದು ನೆನಪಾಗಿ ಬಿಟ್ಟಳು. ಅವಳ ಅಂಗೈ ತಣ್ಣಗಿತ್ತು.

ಕೊನೆಯ ಚಿತ್ರ ಮುಗಿದು ದೀಪ ಹತ್ತಿತು. ಜನ ಏಳಲಿಲ್ಲ. ತಬಾತಾ ಸಾನ್ ಎತ್ತರದ ಪೀಠದಲ್ಲೇ ಎದ್ದು ನಿಂತು ಮಾತಾಡಿದರು. ಎಲ್ಲರೂ ಬಂದದ್ದಕ್ಕೆ ವಂದನೆ, ಅಂಗಡಿಯವರಿಗೆ ವಂದನೆ, ಅದು ಮುಕುಂದನಿಗೆ ಕೇಳಿಸಿಯೂ ಕೇಳಿಸದಂತೆ ಹೋಯಿತು. ಆಮೇಲೆ ಅವರು ಹೇಳಿದ್ದು ಒಂದೊಂದು ಅಕ್ಷರವೂ ಕೇಳಿಸಿತು. ಇನ್ನೂ ಸ್ವಲ್ಪ ಸಮಯವಿದೆ. ಕೊಡಲು ಸಂಕೋಚಪಟ್ಟವರು, ಕೊಟ್ಟು ಆಮೇಲೆ ಬೇಡವೆಂದವರು, ಈಗ ಮನಸ್ಸು ಬದಲಾಯಿಸಿದ್ದರೆ ಟೇಪು ಇಲ್ಲೇ ನನ್ನ ಹತ್ತಿರವಿದೆ. ಕೈ ಎತ್ತಿದರೆ ಸಾಕು. ಯಾರ ಹೆಸರನ್ನೂ ಅವರು ಹೇಳಲಿಲ್ಲ. ಹೇಳಿ ಮುಗಿಸಿ ಮೂರನೆಯ ಸಾಲನ್ನು ನೋಡಿದರು.

ಇನ್ನೊಂದು ಸಲ ಕೇಳುತ್ತಿದ್ದಾರೆ. ಕೈ ಸರಿಸಿ ಬಡಿಸಲು ನಿಂತಿದ್ದಾರೆ. ಕೈ ಎತ್ತುವುದು ಎಷ್ಟು ಹೊತ್ತಿನ ಕೆಲಸ? ಅಹಲ್ಯಾಳಿಗೆ ಎತ್ತು ಎಂದರೂ ಆಯಿತು, ಅವಳು ಎರಡೂ ಕೈ ಎತ್ತುತ್ತಾಳೆ. "ಏನಂತೆ? ನಂದಾ?" ಎಂದು ಅವಳು ಕೇಳಿದ್ದು ಕಿವಿಯ ಹತ್ತಿರದಲ್ಲೇ ಕೇಳಿಸಿತು. ಮುಂದಿನ ಸಾಲಿನಲ್ಲಿ ಹೊಸಾಕಾ ಸಾನ್ ಯಾರು ಕೈ ಎತ್ತುತ್ತಾರೆಂದು ತಿರುಗಿ ನೋಡುತ್ತಿದ್ದರು, ಒಳ್ಳೆಯ ಮುಖ, ಭಾನುವಾರದ ಮುಖ, ಆ ಮುಖದ ಮುಂದೆ ಪರದೆಯ ತುಂಬ ತನ್ನ ಬೆನ್ನು. ಯೋಚಿಸಿದ್ದು ಇಷ್ಟೇ. ಮುಂದಿನದನ್ನು ಸೊಂಟ ಮಾಡಿತು. ಅವನು ಎದ್ದು ನಿಂತು, ತೊಡೆಗೆ ಕೈ ಒತ್ತಿ, ಪೀಠದ ಕಡೆಗೆ ಆಳವಾಗಿ ಬಗ್ಗಿದ; ಎದ್ದು, ಸ್ವಲ್ಪ ನಕ್ಕು, ಮತ್ತೆ ಬಗ್ಗಿದ. ತಬಾತಾ ಸಾನ್ ಕೂಡ ಬಗ್ಗಿದರು. ಆಮೇಲೆ ಪ್ರೊಜೆಕ್ಟರ್ ಆರಿಸಿದರು.

ಅವನು ಕೂತಾಗ ಅಹಲ್ಯಾ ಅವನನ್ನೇ ನೋಡುತ್ತಿದ್ದಳು. ತಬಾತಾ ಸಾನ್ ಹೇಳಿದ್ದರಲ್ಲಿ ಒಂದು ಮಾತೂ ಅವಳಿಗೆ ತಿಳಿದಿರಲಿಲ್ಲ. ಆದರೆ ಈ ಬಗ್ಗುವಿಕೆಯನ್ನು ಅವಳು ನಿಂತು ನೋಡಿದವಳು, ಕ್ಯಾಮೆರಾ ಅಲುಗದಂತೆ ಹಿಡಿದು ನೋಡಿದವಳು. ಅದು ಯಾವುದಕ್ಕೆ, ಯಾವಾಗ ಬರುತ್ತದೆ ಎಂದು ಅವಳಿಗಿಂತ ಚೆನ್ನಾಗಿ ತಿಳಿದವರು ಆ ಹಾಲಿನಲ್ಲಿ ಇರಲಿಲ್ಲ. "ಟೇಪ್ ಮೆಷಿನ್‌ಗೆ..." ಎಂದು ಅವನು ಕೂಡಿಸಿಟ್ಟ ವಾಕ್ಯವನ್ನು ಶುರುಮಾಡಿದ. ಅವಳು "ಹ್ಞೂಂ" ಎಂದಳು, ಮುಗಿಸುವುದು ಬೇಡ ಎನ್ನುವ ಹಾಗೆ.

"ಅಯ್ಯೋ, ಮುಗೀತಾ? ನಿಂದು ಹಾಕ್ಲೇ ಇಲ್ವಲ್ಲೇ!" ಎಂದ ಶಾಲಿನಿಗೆ ಅಹಲ್ಯಾಳೇ ಉತ್ತರ ಕೊಟ್ಟಳು: "ಏನೋ ಮೆಷಿನ್ ಪ್ರಾಬ್ಲಮ್ ಅಂತೆ ಕಣೆ. ಪಾಪ, ಅಷ್ಟು ದೂರದಿಂದ ಬಂದೆ." ಅವನ ಸುಳ್ಳನ್ನು ಅವಳು ತನ್ನ ಬಾಯಿಂದ, ಅವನ ಮರ್ಯಾದೆಗಾಗಿ, ಗೆಳತಿಗೆ ಹೇಳಿದಳು. ಅದು ಅವನಿಗೆ ಕಪಾಳಕ್ಕೆ ಹೊಡೆದಂತಾಯಿತು. ಆಮೇಲೆ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಎಲ್ಲರಂತೆ ಕುರ್ಚಿ ಮಡಚಿ ಗೋಡೆಗೆ ಒರಗಿಸತೊಡಗಿದಳು. ಅಡ್ಡ ಬಂದವರಿಗೆ ಕ್ಷಮಿಸಿ ಎಂದು ಅವರ ಮಾತಿನಲ್ಲೇ, ಸುಮಿಮಾಸೆನ್, ಸುಮಿಮಾಸೆನ್ ಎನ್ನುತ್ತಿದ್ದಳು. ಹೊಸಾಕಾ ಸಾನ್ ಹೆಂಡತಿ ಸೀರೆಯ ಅಂಚನ್ನು ಮುಟ್ಟಿ ನೋಡಿ ಹೊಗಳಿದರು. ಅಹಲ್ಯಾ ನಕ್ಕು ಅರಿಗಾತೋ ಎಂದಳು.

ಬಾಗಿಲಲ್ಲಿ ತಬಾತಾ ಸಾನ್ ಟೇಪನ್ನು ಕಾಗದದ ಚೀಲದಲ್ಲಿ ಹಾಕಿ ಎರಡೂ ಕೈಯಿಂದ ಅಹಲ್ಯಾಳಿಗೆ ಕೊಟ್ಟರು. ಅವಳ ಮುಖ ನೋಡುತ್ತಲೇ ಏನೋ ಹೇಳಿದರು, ಹೇಳಿ ಮುಕುಂದನ ಕಡೆ ತಿರುಗಿ, ದಯವಿಟ್ಟು ತಿಳಿಸಿ ಎಂದರು. ಅವನು ತಿಳಿಸಿದ. ಬೇರೆ ಏನು ಹೇಳಲೂ ಅವನಲ್ಲಿ ಶಕ್ತಿ ಉಳಿದಿರಲಿಲ್ಲ. "ಕೊನೇ ಭಾಗ ಎರಡು ಸಲ ನೋಡಿದ್ರಂತೆ. ಒಬ್ರೇ ಕೂತ್ಕೊಂಡು. ಇವರ ಯಜಮಾನ್ರು ಹೋದ್ಮೇಲೆ ಅಷ್ಟು ಅತ್ತಿರ್ಲಿಲ್ವಂತೆ." ಅಹಲ್ಯಾಳ ಕಣ್ಣು ತುಂಬಿತು. ಅವಳು ಬಗ್ಗಲಿಲ್ಲ, ಆ ಮುದುಕಿಯ ಕೈಗಳನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತಳು.

ಶಾಲಿನಿಯನ್ನು ಸ್ಟೇಷನ್ನಿಗೆ ಬಿಟ್ಟು ಇಬ್ಬರೂ ಮನೆಯ ಕಡೆ ನಡೆದರು. ಓಣಿಯ ಅಂಗಡಿಗಳು ಇನ್ನೂ ತೆರೆದಿದ್ದವು. ತೋಫು ಮಾರುವವನು ಅವರನ್ನು ನೋಡಿ ಕೈ ಬೀಸಿದ. ರೈಲ್ವೆ ಗೇಟು ಬಿದ್ದಿತ್ತು, ಗಂಟೆ ಹೊಡೆದುಕೊಳ್ಳುತ್ತಿತ್ತು. ನಿಂತರು. ನಾನೇ ಬೇಡವೆಂದೆ ಎಂದು ಈಗ ಹೇಳುವ ಅಗತ್ಯವೇ ಉಳಿದಿಲ್ಲ, ಅವಳಿಗೆ ಗೊತ್ತಿದೆ, ಗೊತ್ತಿದೆಯೆಂದು ತನಗೂ ಗೊತ್ತಿದೆ. ಹಾಗಾದರೆ ಈಗ ಮಾತಾಡಲು ಏನಿದೆ ಎಂದು ಹುಡುಕಿದವನಿಗೆ ಸಿಕ್ಕಿದ್ದು ಒಂದೇ ಪ್ರಶ್ನೆ. ಸ್ನಾನದ ಮನೆಯ ಬಾಗಿಲು ದಾಟಿದಾಗಿನಿಂದಲೂ ಅದು ಕೊರೆಯುತ್ತಿತ್ತು. ಗೋಡೆಗೆ ಬಗ್ಗುವ ಗಂಡಸನ್ನು ನೋಡಿ ಯಾರಾದರೂ ಅಳುತ್ತಾರೆಯೇ?

"ಕೊನೇಲಿ ಏನಿದೆ ಅಹಲ್ಯಾ?"

ಕೇಳಿದ ಮೇಲೆ ತಿಳಿಯಿತು, ಏನು ಕೇಳಿದೆನೆಂದು. ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು. ಅವಳು ತಿರುಗಿ ಅವನನ್ನು ನೋಡಿದಳು. ಹಾಲಿನಲ್ಲಿ ಅವನು ಬಗ್ಗಿದಾಗಲೂ ಆ ಮುಖ ಹೀಗೆ ಆಗಿರಲಿಲ್ಲ.

"ಪೂರ್ತಿ ನೋಡ್ದೆ ಅಂದ್ರಿ."

ರೈಲು ಬಂತು, ಹೋಯಿತು. ಭಾನುವಾರ ಸಂಜೆಯ ರೈಲು, ಒಳಗೆ ಬೆಳಕು, ನಿದ್ದೆಹೋದ ಜನ. ಗೇಟು ಎದ್ದಿತು.

"ಕೊನೇಲಿ ನಾನಿದೀನಿ ರೀ" ಎಂದಳು ಅಹಲ್ಯಾ. "ನೀವು ಮೊದಲ್ನೇ ಕಾಲು ಭಾಗದಲ್ಲಿ ಮಾತ್ರ. ಆಮೇಲೆಲ್ಲ ನಾನೇ."

ಹಳಿ ದಾಟಿದರು. ಸೀರೆಯ ಅಂಚು ಹಳಿಗೆ ತಾಗದಂತೆ ಅವಳು ಎತ್ತಿ ಹಿಡಿದಿದ್ದಳು, ಇನ್ನೊಂದು ಕೈಯಲ್ಲಿ ಕಾಗದದ ಚೀಲ. ಅವನು ಆ ಚೀಲವನ್ನೇ ನೋಡಿದ. ತಾನು ಕಾಣುವಷ್ಟನ್ನು ಮಾತ್ರ ನೋಡಿ, ಅಷ್ಟೇ ಸಿನಿಮಾ ಎಂದು ತಿಳಿದು, ಅದಕ್ಕಾಗಿ ಇಷ್ಟೆಲ್ಲ. "ಮನೆಗೆ ಹೋದ ತಕ್ಷಣ ನೋಡೋಣ" ಎಂದ. "ಕೊಡು ಇಲ್ಲಿ ಚೀಲ. ಈಗ್ಲೇ ನೋಡ್ತೀನಿ, ಪೂರ್ತಿ."

"ಬೇಡ" ಎಂದಳು ಅಹಲ್ಯಾ.

ಮೆತ್ತಗೆ ಹೇಳಿದಳು. ಹೇಳಿ ನಡಿಗೆ ನಿಧಾನ ಮಾಡಿದಳು, ಕೊಂಬಿನಿಯ ಬೆಳಕು ದಾಟುವವರೆಗೂ ಅವನ ಸಮಕ್ಕೇ ನಡೆದಳು, ಚೀಲ ಅವನ ಕಡೆಯ ಕೈಯಲ್ಲೇ ಇತ್ತು. ಇನ್ನೊಂದು ಸಲ ಕೇಳಬೇಕು ಎಂದು ಅವನಿಗೆ ಗೊತ್ತಿತ್ತು.

"ಸರಿ" ಎಂದ ಮುಕುಂದ, ತಲೆ ತಗ್ಗಿಸಿ.

ಅವಳು ಚೀಲವನ್ನು ಆಚೆ ಕೈಗೆ ಬದಲಾಯಿಸಿಕೊಂಡಳು.